ಲೆಬನಾನಿನ ದ್ರಾಕ್ಷಿ ಎಲೆಯ ಸುರುಳಿಗಳನ್ನು ತಣ್ಣಗೆ ತಿನ್ನುವುದೇಕೆ?

ಲೆಬನಾನಿನ ಮನೆಗಳಲ್ಲಿ ದ್ರಾಕ್ಷಿ ಎಲೆಯ ಸುರುಳಿಗಳನ್ನು ಒಮ್ಮೆ ಬಿಸಿಯಾಗಿ, ಮತ್ತೊಮ್ಮೆ ತಣ್ಣಗೆ ಬಡಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅವುಗಳಲ್ಲಿರುವ ಜಿಡ್ಡಿನಲ್ಲಿದೆ. ಮಾಂಸ ತುಂಬಿದ ಸುರುಳಿಗಳು ಆರಿದಾಗ ಕುರಿಯ ಕೊಬ್ಬು ಹೆಪ್ಪುಗಟ್ಟಿ ಬಾಯಿಗೆ ಅಂಟುವುದರಿಂದ ಅವುಗಳನ್ನು ಬಿಸಿಯಾಗಿಯೇ ತಿನ್ನುತ್ತಾರೆ. ಆಲಿವ್ ಎಣ್ಣೆಯಾದರೋ ಆರಿದ ಮೇಲೂ ತಿಳಿಯಾಗಿಯೇ ಉಳಿಯುತ್ತದೆ, ಆದ್ದರಿಂದ ‘ವರಕ್ ಇನಬ್ ಬಿ ಝೇತ್’, ಅಂದರೆ ಎಣ್ಣೆಯಲ್ಲಿ ಬೇಯಿಸಿದ ದ್ರಾಕ್ಷಿ ಎಲೆ, ಎಂಬ ಸಸ್ಯಾಹಾರಿ ಬಗೆಯನ್ನು ತಣಿಸಿ ಬಡಿಸುವುದು ರೂಢಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸ ವರ್ಜಿಸುವ ಅಲ್ಲಿನ ಕ್ರೈಸ್ತರಿಗೆ ಇದು ಬಹಳ ಪ್ರಿಯವಾದ ಅಡುಗೆ.

ವಸಂತದಲ್ಲಿ ಕೊಯ್ದ ಎಳೆಯ ಎಲೆಗಳೇ ಇದಕ್ಕೆ ಶ್ರೇಷ್ಠ. ಉಳಿದ ಕಾಲಕ್ಕೆಂದು ಅವುಗಳನ್ನು ಉಪ್ಪುನೀರಿನಲ್ಲಿ ಕಾಪಿಡುತ್ತಾರೆ. ಗಿಡ್ಡಕಾಳಿನ ಅಕ್ಕಿಗೆ ಹೆಚ್ಚಿದ ಪಾರ್ಸ್ಲಿ, ಪುದೀನ, ಟೊಮೇಟೊ, ಈರುಳ್ಳಿ, ನಿಂಬೆರಸ ಮತ್ತು ಧಾರಾಳವಾಗಿ ಆಲಿವ್ ಎಣ್ಣೆ ಬೆರೆಸಿ, ಎಲೆಯ ನರಗಳಿರುವ ಬದಿಯಲ್ಲಿ ಸ್ವಲ್ಪವೇ ಹೂರಣವಿಟ್ಟು, ಹೊಳಪಿನ ಬದಿ ಹೊರಗೆ ಬರುವಂತೆ ಸುತ್ತಬೇಕು. ಬೇಯುವಾಗ ಅಕ್ಕಿ ಉಬ್ಬುವುದರಿಂದ ಬಿಗಿಯಾಗಿ ಸುತ್ತಿದ ಎಲೆ ಹರಿಯುತ್ತದೆ; ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪಾತ್ರೆಯ ತಳದಲ್ಲಿ ಆಲೂಗಡ್ಡೆಯ ಬಿಲ್ಲೆಗಳನ್ನು ಹಾಸಿದರೆ ಸುರುಳಿಗಳು ಸೀಯುವುದಿಲ್ಲ, ಮೇಲೆ ತಟ್ಟೆಯೊಂದನ್ನು ಬೋರಲು ಹಾಕಿದರೆ ಬಿಚ್ಚಿಕೊಳ್ಳುವುದಿಲ್ಲ. ಹುಳಿ, ಎಣ್ಣೆಗಳನ್ನು ಹೀರಿ ಮೆತ್ತಗಾದ ಆ ಆಲೂಗಡ್ಡೆ ಸುರುಳಿಗಳಷ್ಟೇ ರುಚಿಕರವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಣ್ಣ ಉರಿಯಲ್ಲಿ ಬೇಯಿಸಿ, ಪಾತ್ರೆಯಲ್ಲಿಯೇ ಪೂರ್ತಿ ಆರಲು ಬಿಟ್ಟು, ಬಳಿಕವೇ ತಟ್ಟೆಗೆ ಮಗುಚಬೇಕು.