ಒಂದು ಬಸ್ಸು, ಎರಡು ಬಗೆಯ ಟಿಕೆಟ್

ಪ್ರಶ್ನೆ: ನಾನು ಹಾಸನದವಳು. ಜೊತೆಗೆ ಬರುವ ಗೆಳತಿಯ ಆಧಾರ್‌ನಲ್ಲಿ ಹೈದರಾಬಾದ್ ವಿಳಾಸವಿದೆ. ಮಂಗಳೂರಿಗೆ ಇಬ್ಬರಿಗೂ ಉಚಿತ ಪ್ರಯಾಣ ಸಿಗುತ್ತದೆಯೇ? ಘಾಟಿಯಲ್ಲಿ ಅವಳಿಗೆ ವಾಂತಿಯೂ ಆಗುತ್ತದೆ.

ಉತ್ತರ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ. ಹಾಗಾಗಿ ನಿಮಗೆ ಶೂನ್ಯ ಟಿಕೆಟ್, ಗೆಳತಿಗೆ ದುಡ್ಡಿನ ಟಿಕೆಟ್. ಕೆಂಪು ಬಸ್ಸಿಗೇ ಹತ್ತಿ. ರಾಜಹಂಸ, ಐರಾವತಗಳಲ್ಲಿ ನೀವೂ ದುಡ್ಡು ಕೊಡಬೇಕು. ಶೂನ್ಯ ಟಿಕೆಟ್ ತಾನೇ ಎಂದು ಎಸೆಯಬೇಡಿ, ತಪಾಸಣೆಗೆ ಬಂದವರು ಅದನ್ನೇ ಕೇಳುವುದು. ಚಿಲ್ಲರೆ ಬಾಕಿಯನ್ನು ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟರೆ ಇಳಿಯುವ ಮುಂಚೆಯೇ ಕೇಳಿ ಪಡೆಯಿರಿ.

ಇನ್ನು ವಾಂತಿ. ಸಕಲೇಶಪುರ ದಾಟಿದ ಮೇಲೆ ಶಿರಾಡಿಯ ತಿರುವುಗಳು ಶುರು. ಹಿಂದಿನ ಸೀಟುಗಳು ಹಿಂಚಕ್ರದಿಂದಾಚೆ ಚಾಚಿಕೊಂಡಿರುವುದರಿಂದ ಅಲ್ಲಿ ಎತ್ತಾಟ, ತೂಗಾಟ ಎರಡೂ ಜಾಸ್ತಿ. ಮುಂದಿನ ಮೂರು-ನಾಲ್ಕು ಸಾಲಿನಲ್ಲಿ ಕಿಟಕಿ ಪಕ್ಕ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಮೊಬೈಲ್ ನೋಡಿದರೆ ಕಣ್ಣು ‘ನಿಂತಿದ್ದೇನೆ’ ಅನ್ನುತ್ತದೆ, ಒಳಗಿವಿ ‘ಚಲಿಸುತ್ತಿದ್ದೇನೆ’ ಅನ್ನುತ್ತದೆ. ಆ ತಿಕ್ಕಾಟವೇ ವಾಕರಿಕೆ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು; ಸ್ಟ್ಯಾಂಡಿನ ಬಿಸಿ ಬೋಂಡ ವಾಪಸ್ ಬರುವಾಗ ತಿನ್ನಿ! ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಹೊರಡುವ ಬೆಳಿಗ್ಗೆ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೇಳಿಯೇ ಹತ್ತಿ.