ರಿಸ್ಟೋರ್ ಮಾಡುವ ಮೊದಲು ಎರಡನೇ ಹಾರ್ಡ್ ಡಿಸ್ಕ್ ಹಾಕಿ ಫೈಲ್ ಉಳಿಸಿಕೊಳ್ಳುವುದು ಹೇಗೆ?

ಮಾಸ್ಟ್ರೇ, ನೀವು ಕೇಳಿದ್ದು ಇಷ್ಟು: ಬದಿಯಡ್ಕದ ಮನೆಯಲ್ಲಿರುವ ಡೆಸ್ಕ್‌ಟಾಪ್ ತೀರಾ ಸ್ಲೋ ಆಗಿದೆ, ಕೊಂಡಾಗ ಇದ್ದ ಸ್ಥಿತಿಗೆ ರಿಸ್ಟೋರ್ ಮಾಡಬೇಕು. ಫೈಲುಗಳನ್ನು ಡಿ ಡ್ರೈವಿನಲ್ಲಿ ಇಟ್ಟರೆ ಸಾಕಾ, ಅಥವಾ ಹಳೆ ಕಂಪ್ಯೂಟರಿನಿಂದ ತೆಗೆದಿಟ್ಟ ಹಾರ್ಡ್ ಡಿಸ್ಕನ್ನು ಒಳಗೆ ಹಾಕಿ ಅದಕ್ಕೆ ಕಾಪಿ ಮಾಡಬೇಕಾ?

ಡಿ ಡ್ರೈವ್ ಸಾಲದು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲು, ನಡುವೆ ಬೇಲಿ ಹಾಕಿದ್ದಾರೆ ಅಷ್ಟೇ. ಕೆಲವು ಕಂಪನಿಗಳ ರಿಕವರಿ (ಕಂಪ್ಯೂಟರ್ ಜೊತೆಗೇ ಕಂಪನಿ ಕೊಟ್ಟಿರುವ ರಿಸ್ಟೋರ್ ವ್ಯವಸ್ಥೆ) ಸಿ ಒಂದನ್ನೇ ಅಳಿಸುತ್ತದೆ, ಕೆಲವು ಇಡೀ ಡಿಸ್ಕನ್ನೇ ಗುಡಿಸಿ ಹೊಸದಾಗಿ ಪಾಲು ಮಾಡುತ್ತವೆ. ನಿಮ್ಮದು ಯಾವ ಜಾತಿ ಎಂದು ಬಟನ್ ಒತ್ತಿದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಹಾಗಾಗಿ ಎರಡನೇ ಡಿಸ್ಕ್ ಹಾಕಿ. ಆದರೆ ಕಾಪಿ ಆದ ಮೇಲೆ, ರಿಸ್ಟೋರ್ ಶುರು ಮಾಡುವ ಮೊದಲು, ಅದರ ವೈರ್ ಕಳಚಿ. ಜಾಸ್ತಿ ಜನ ಬಿಟ್ಟುಬಿಡುವುದು ಈ ಕಳಚುವ ಕೆಲಸವನ್ನೇ.

ಕಾರಣ ಹೇಳುತ್ತೇನೆ. ವಿಂಡೋಸ್ 10ರ ರಿಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಒತ್ತಿದಾಗ, ವಿಂಡೋಸ್ ಇರುವ ಡ್ರೈವ್ ಮಾತ್ರವಾ ಅಥವಾ ಎಲ್ಲ ಡ್ರೈವ್‌ಗಳಾ ಎಂಬ ಆಯ್ಕೆಯೂ ಇರುತ್ತದೆ. ಅಲ್ಲಿ ಒಂದು ತಪ್ಪು ಕ್ಲಿಕ್ ಆದರೆ ಮೂಲವೂ ಹೋಯಿತು, ಕಾಪಿಯೂ ಹೋಯಿತು. ಪೆನ್‌ಡ್ರೈವಿನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಇನ್ನೊಂದು ತಾಪತ್ರಯ. ಡಿಸ್ಕುಗಳು ಡಿಸ್ಕ್ 0, ಡಿಸ್ಕ್ 1 ಎಂದು ಮಾತ್ರ ಕಾಣುತ್ತವೆ. ಎರಡೂ 500 ಜಿಬಿಯವಾದರೆ ಯಾವುದು ಯಾವುದೆಂದು ದೇವರೇ ಹೇಳಬೇಕು. ಕೆಲವೊಮ್ಮೆ ವಿಂಡೋಸನ್ನು ಒಂದು ಡಿಸ್ಕಿಗೆ ಹಾಕಿ, ಅದನ್ನು ಎಬ್ಬಿಸುವ ಬೂಟ್ ಫೈಲುಗಳನ್ನು ಇನ್ನೊಂದರಲ್ಲಿ ಇಟ್ಟುಬಿಡುವುದೂ ಉಂಟು. ಆಮೇಲೆ ಎರಡನೇ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುವುದಿಲ್ಲ.

ಇನ್ನು ಹಾಕುವ ಕೆಲಸ. ಇದಕ್ಕೆ ಹೆದರಬೇಕಾದ್ದಿಲ್ಲ. ಮೊದಲು ಹಳೆ ಡಿಸ್ಕಿನ ಹಿಂಬದಿ ನೋಡಿ. ಎರಡು ಸಾಲು ಸೂಜಿಯಂಥ ಪಿನ್ನುಗಳು, ಒಟ್ಟು 40ರ ಆಸುಪಾಸು ಇದ್ದರೆ ಅದು ಐಡಿಇ. ಈಗಿನ ಮದರ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಪಿನ್ ಇಲ್ಲದೆ ಚಪ್ಪಟೆ ಪ್ಲಾಸ್ಟಿಕ್ ನಾಲಗೆಯ ಹಾಗೆ ಎರಡು ಭಾಗ ಇದ್ದರೆ ಸಾಟಾ. ಕಿರಿದಾದದ್ದು ಡೇಟಾಗೆ, ಅಗಲದ್ದು ಕರೆಂಟಿಗೆ. ಎರಡರ ತುದಿಯೂ ಒಂದು ಕಡೆ ಮಡಚಿಕೊಂಡಿರುತ್ತದೆ, ಹಾಗಾಗಿ ಕೇಬಲ್ ತಿರುಗುಮುರುಗಾಗಿ ಕೂರುವುದಿಲ್ಲ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಆ ನಾಲಗೆ ಮುರಿದರೆ ರಿಪೇರಿ ಕಷ್ಟ.

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ ಕೆಲಸ ಶುರು ಮಾಡಿ. ಒಳಗೆ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಿಂದ ಬರುವ ವೈರ್ ಗೊಂಚಲಿನಲ್ಲಿ ಖಾಲಿ ಸಾಟಾ ಪವರ್ ತುದಿ ಸಾಮಾನ್ಯವಾಗಿ ಇರುತ್ತದೆ. ಡೇಟಾ ಕೇಬಲ್ ಇಲ್ಲದಿದ್ದರೆ ಸದ್ಯಕ್ಕೆ ಡಿವಿಡಿ ಡ್ರೈವಿನದ್ದನ್ನೇ ಬಿಡಿಸಿ ಹಾಕಿ. ಈಗ ಡಿವಿಡಿ ಯಾರು ನೋಡುತ್ತಾರೆ, ಅಲ್ವಾ? ಡಿಸ್ಕನ್ನು ಮಾತ್ರ ಜಾಗಕ್ಕೆ ಕೂರಿಸಿ ಸ್ಕ್ರೂ ಹಾಕಿ. ತಿರುಗುತ್ತಿರುವಾಗ ಅಲುಗಾಡಬಾರದು.

ಆನ್ ಮಾಡಿದಾಗ ಹಳೆ ಡಿಸ್ಕಿನಲ್ಲಿದ್ದ ಹಳೆ ವಿಂಡೋಸ್ ಎದ್ದು ಬಂದರೆ ಗಾಬರಿ ಬೇಡ. ಬಯೋಸ್‌ಗೆ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಬೂಟ್ ಕ್ರಮದಲ್ಲಿ ನಿಮ್ಮ ಈಗಿನ ಡಿಸ್ಕನ್ನು ಮೊದಲು ಇಡಿ. ವಿಂಡೋಸ್ ಎದ್ದರೂ ಹೊಸ ಡ್ರೈವ್ ಕಾಣದಿದ್ದರೆ ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡ್ರೈವಿಗೆ ಅಕ್ಷರ ಸಿಕ್ಕಿಲ್ಲವೆಂದಾದರೆ ಅಲ್ಲೇ ಕೊಡಬಹುದು. ಆದರೆ ಇನಿಶಿಯಲೈಸ್ ಮಾಡಲಾ, ಫಾರ್ಮ್ಯಾಟ್ ಮಾಡಲಾ ಎಂದು ಅದು ಕೇಳಿದರೆ ತಕ್ಷಣ ಹೂಂ ಅನ್ನಬೇಡಿ. ಆ ಹಳೆ ಡಿಸ್ಕಿನಲ್ಲಿ ಮಕ್ಕಳ ಫೋಟೊ ಇರಬಹುದು. ಏನೂ ಬೇಡ ಎಂದು ಖಾತ್ರಿಯಾದ ಮೇಲೆ ಎನ್‌ಟಿಎಫ್‌ಎಸ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಶಾಲಾ ವಾರ್ಷಿಕೋತ್ಸವದ ವೀಡಿಯೊ ಅಲ್ಲೇ ಸಿಕ್ಕಿಬೀಳುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಡಿಸ್ಕ್ ಕಟಕಟ ಸದ್ದು ಮಾಡಿದರೆ ಅದನ್ನು ನಂಬಲೇಬೇಡಿ. ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ಏನೇನು ಕಾಪಿ ಮಾಡಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತವೆ. ಕನ್ನಡದಲ್ಲಿ ಟೈಪ್ ಮಾಡುವ ನಮ್ಮಂಥವರಿಗೆ ನೆನಪಾಗದ್ದು ಫಾಂಟ್. ನಾನು ಕುಂಬಳೆಯಲ್ಲಿ ಡಿಟಿಪಿ ಮಾಡುವವನು, ಬ್ರಹ್ಮಕಲಶದ ಆಮಂತ್ರಣದಿಂದ ಯಕ್ಷಗಾನದ ಕರಪತ್ರದವರೆಗೆ ಎಲ್ಲವೂ ಬರುತ್ತವೆ. ಕಂಪ್ಯೂಟರ್ ರಿಸ್ಟೋರ್ ಮಾಡಿಸಿಕೊಂಡವರು ಪೆನ್‌ಡ್ರೈವ್ ಹಿಡಿದು ಬಂದು "ಫೈಲ್ ಹಾಳಾಗಿದೆ" ಎನ್ನುತ್ತಾರೆ. ತೆರೆದು ನೋಡಿದರೆ ಪುಟದ ತುಂಬ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ‘ನ’ ಇರಬೇಕಾದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಈಗ ಕಂಪ್ಯೂಟರಿನಲ್ಲಿ ಇಲ್ಲ ಅಷ್ಟೇ. ನುಡಿ ಮತ್ತೆ ಹಾಕಿಕೊಂಡರೆ ಅಕ್ಷರ ವಾಪಸ್ ಬರುತ್ತದೆ. ಆದರೆ ಯಾರೋ ಕೊಟ್ಟ ಅಲಂಕಾರದ ಫಾಂಟುಗಳು ಇನ್ನೊಮ್ಮೆ ಎಲ್ಲಿ ಸಿಗುತ್ತವೆ? ಅದಕ್ಕೆ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ. ಈಚಿನ ವಿಂಡೋಸ್ 10ರಲ್ಲಿ ನಿಮ್ಮೊಬ್ಬರ ಅಕೌಂಟಿಗೆ ಮಾತ್ರ ಹಾಕಿಕೊಂಡ ಫಾಂಟುಗಳು ಬೇರೆ ಕಡೆ, ಆಪ್‌ಡೇಟಾ ಎಂಬ ಅಡಗಿದ ಫೋಲ್ಡರಿನೊಳಗೆ ಇರುತ್ತವೆ. ಮರೆಯಲ್ಲಿರುವ ಫೋಲ್ಡರುಗಳು ಕಾಣುವ ಹಾಗೆ ಮಾಡಿಕೊಂಡು ಅಲ್ಲೂ ಹುಡುಕಿ.

ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು ಸುಮ್ನೆ ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ, ಅವನ್ನು ಹಳೆ ವಿಂಡೋಸ್ ಅಕೌಂಟಿಗೆ ಕಟ್ಟಿ ಬೀಗ ಹಾಕಿರುತ್ತಾರೆ. ಮೊದಲೇ ಎಕ್ಸ್‌ಪೋರ್ಟ್ ಮಾಡಿ ಅಥವಾ ಸಿಂಕ್ ಆನ್ ಮಾಡಿ. ಒನ್‌ಡ್ರೈವ್ ಬಳಸುವವರಾದರೆ ಫೈಲಿನ ಪಕ್ಕ ಮೋಡದ ಗುರುತು ಉಂಟಾ ನೋಡಿ. ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ.

ಕಟ್ ಮಾಡಬೇಡಿ, ಕಾಪಿಯೇ ಮಾಡಿ. ನಮ್ಮ ಕಡೆ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಕಳೆದರೆ ಗುಡುಗು ಮಿಂಚು ಶುರು, ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಿಕ್ಕಾಗುವುದಿಲ್ಲ. ಯುಪಿಎಸ್ ಇಲ್ಲದಿದ್ದರೆ ಬೆಳಿಗ್ಗೆಯೇ ಕೂತು ಮುಗಿಸಿ. ಒಳಗೆ ಹಾಕಿದ ಸಾಟಾ ಡಿಸ್ಕಾದರೆ ಸೆಕೆಂಡಿಗೆ 100 ಎಂಬಿಯ ಲೆಕ್ಕದಲ್ಲಿ 200 ಜಿಬಿಗೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಸಣ್ಣ ಸಣ್ಣ ಫೈಲ್ ಜಾಸ್ತಿ ಇದ್ದರೆ ಇನ್ನೂ ನಿಧಾನ. ಹಳೆ ಯುಎಸ್‌ಬಿ 2.0 ಮೂಲಕವಾದರೆ ಎರಡು ಗಂಟೆಯ ಹತ್ತಿರ ಹೋಗುತ್ತದೆ.

ಆದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ ತಾಳೆ ನೋಡಿ. ಅಲ್ಲಲ್ಲಿಂದ ಕೆಲವು ಫೈಲ್ ತೆರೆದೂ ನೋಡಿ. ಯುಎಸ್‌ಬಿ ಕನ್ವರ್ಟರ್ ಇದ್ದರೆ ಕೇರಳ ಸರಕಾರದ ಕೈಟ್ ಸಂಸ್ಥೆ ಶಾಲೆಗೆ ಕೊಟ್ಟ ಲ್ಯಾಪ್‌ಟಾಪಿಗೆ ಆ ಡಿಸ್ಕ್ ಚುಚ್ಚಿ ನೋಡುವುದು ಇನ್ನೂ ಒಳ್ಳೆಯದು. ಅದರಲ್ಲಿ ವಿಂಡೋಸ್ ಬದಲು ಇರುವ ಲಿನಕ್ಸ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ.

ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಎರಡನೇ ಡಿಸ್ಕಿನ ಎರಡೂ ವೈರ್ ಕಳಚಿ. ಡಿಸ್ಕನ್ನು ಕ್ಯಾಬಿನೆಟ್ಟಿನಲ್ಲೇ ಬಿಡಬಹುದು. ಈಗ ನಿಶ್ಚಿಂತೆಯಿಂದ ರಿಸ್ಟೋರ್ ಒತ್ತಿ.

ಒತ್ತುವ ಮೊದಲು ಒಂದು ವಿಷಯ. ನಿಮ್ಮ ಕಂಪ್ಯೂಟರ್ ಕೊಂಡಾಗ ವಿಂಡೋಸ್ 7 ಇತ್ತು, ಈಗ 10 ಇದೆ ಎಂದಿದ್ದೀರಿ. ಕಂಪನಿಯ ರಿಕವರಿ ಬಳಸಿದರೆ ಮತ್ತೆ 7ಕ್ಕೇ ಹೋಗುತ್ತೀರಿ. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ವಿಂಡೋಸ್ 10ರ ಒಳಗಿನ ರಿಸೆಟ್ ಬಳಸಿದರೆ 10ರಲ್ಲೇ ಉಳಿಯುತ್ತೀರಿ. ಅದರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೂ 7ಕ್ಕಿಂತ ವಾಸಿ. ನಾನಾದರೆ ಕಂಪನಿಯ ರಿಕವರಿ ಮುಟ್ಟುವುದಿಲ್ಲ.

ಎಲ್ಲ ಸರಿಯಾದ ಮೇಲೆ ಡಿಸ್ಕ್ ಮತ್ತೆ ಜೋಡಿಸಿ. ಹಳೆ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದು ಬಂದರೆ ಕಂಟಿನ್ಯೂ ಒತ್ತಿ, ಹೆಚ್ಚಾಗಿ ಅಷ್ಟರಲ್ಲೇ ತೆರೆಯುತ್ತದೆ. ಹೊಸ ವಿಂಡೋಸಿಗೆ ನೀವು ಹಳೆ ಯಜಮಾನರೇ ಎಂದು ಗೊತ್ತಿರುವುದಿಲ್ಲ. ನಿಮ್ಮ ಹಳೆ ಡಿಸ್ಕಿನ ಹಿಂಬದಿಯ ಒಂದು ಫೋಟೊ ಇಲ್ಲಿ ಹಾಕಿ, ಐಡಿಇಯಾ ಸಾಟಾವಾ ನೋಡಿ ಹೇಳುತ್ತೇನೆ. ಕೇಬಲ್ ತರಲಿಕ್ಕೆ ಮಂಗಳೂರಿಗೆ ಹೋಗುವ ಮೊದಲು ಅದು ಗೊತ್ತಿದ್ದರೆ ಒಳ್ಳೆಯದು.