ಕಾನೂನು ಪ್ರಶ್ನೋತ್ತರ: ಸರ್ಕಾರಿ ವಕೀಲಿಕೆಯಿಂದ ಸೆನೆಟ್‌ವರೆಗಿನ ದಾರಿ

ಪ್ರಶ್ನೆ: ನಾನು ಗದಗಿನಲ್ಲಿ ನಾಲ್ಕು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಈಗ ಎ.ಪಿ.ಪಿ. (ಸಹಾಯಕ ಸರ್ಕಾರಿ ಅಭಿಯೋಜಕ, ಅಂದರೆ ಸರ್ಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆ ನಡೆಸುವ ವಕೀಲ) ಪರೀಕ್ಷೆಗೆ ಓದುತ್ತಿದ್ದೇನೆ. ಅದು ಪಗಾರದ ನೌಕರಿ ಅಷ್ಟೇ, ಮುಂದೆ ದಾರಿಯಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಅಮೆರಿಕದಲ್ಲಿ ಕಮಲಾ ಹ್ಯಾರಿಸ್ ಸರ್ಕಾರಿ ವಕೀಲೆಯಾಗಿದ್ದುಕೊಂಡೇ ಸೆನೆಟ್‌ಗೆ ಹೋದರಲ್ಲ, ನೀನೂ ಒಂದು ದಿನ ರಾಜ್ಯಸಭೆಗೆ ಹೋಗಬಹುದು ಎಂದು ಸೋದರಮಾವ ಹೇಳುತ್ತಾರೆ. ಅವರು ಹೋದ ದಾರಿ ನಿಜವಾಗಿ ಯಾವುದು? ಅದು ನಮ್ಮಲ್ಲಿ ಇದೆಯೆ?
– ಯುವ ವಕೀಲೆ, ಗದಗ

ಉತ್ತರ: ನಿಮ್ಮ ಸೋದರಮಾವನವರ ಮಾತಿನಲ್ಲಿ ಸತ್ಯವಿದೆ, ಆದರೆ ಮುಖ್ಯವಾದ ಒಂದು ಸಂಗತಿ ಬಿಟ್ಟುಹೋಗಿದೆ. ನಮ್ಮಲ್ಲಿ ಸರ್ಕಾರಿ ವಕೀಲರನ್ನು ಸರ್ಕಾರ ನೇಮಿಸುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಅಲ್ಲಿ ಆ ಹುದ್ದೆಗೆ ನಿಲ್ಲುವವರು ಮೊದಲ ದಿನದಿಂದಲೇ ರಾಜಕಾರಣಿಗಳು. ಆದ್ದರಿಂದ ಹ್ಯಾರಿಸ್ ಅವರು ನ್ಯಾಯಾಲಯದಿಂದ ನೇರವಾಗಿ ಸೆನೆಟ್‌ಗೆ ಹೋದರು ಎನ್ನುವುದಕ್ಕಿಂತ, ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಗೆ ಏರುತ್ತ ಹೋದರು ಎನ್ನುವುದು ಸರಿ.

ಅವರು 1964ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹುಟ್ಟಿದರು. ತಾಯಿ ಶ್ಯಾಮಲಾ ಗೋಪಾಲನ್ ತಮಿಳು ಮನೆತನದವರು, ಕ್ಯಾನ್ಸರ್ ಸಂಶೋಧಕಿ. ತಂದೆ ಜಮೈಕಾ ಮೂಲದ ಅರ್ಥಶಾಸ್ತ್ರಜ್ಞ. ಕಾನೂನು ಪದವಿಯ ನಂತರದ ವಕೀಲಿ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದರು. ಪರೀಕ್ಷೆಗೆ ಓದುತ್ತಿರುವ ನಿಮಗೆ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. 1990ರಲ್ಲಿ ಸನದು ಪಡೆದು ಓಕ್ಲೆಂಡ್ ಇರುವ ಅಲಮೇಡಾ ಕೌಂಟಿಯಲ್ಲಿ ಸಹಾಯಕ ಸರ್ಕಾರಿ ವಕೀಲೆಯಾದರು. ಈ ಮೆಟ್ಟಿಲು ನಮ್ಮ ಎ.ಪಿ.ಪಿ. ಕೆಲಸಕ್ಕೆ ಹತ್ತಿರವಾದುದು: ಮತವಿಲ್ಲ, ನೇಮಕ ಮಾತ್ರ, ದಿನಬೆಳಗಾದರೆ ಸಾಕ್ಷಿಗಳು, ಪೊಲೀಸ್ ಕಾಗದಗಳು, ಪಾಟಿಸವಾಲು. ಎಂಟು ವರ್ಷಗಳಾದ ಮೇಲೆ, 1998ರಲ್ಲಿ, ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಹುಬ್ಬಳ್ಳಿ–ಧಾರವಾಡದ ಹಾಗೆ ಅವೂ ನಿತ್ಯ ಹೋಗಿಬರುವಷ್ಟು ಹತ್ತಿರದ ಊರುಗಳು, ನಡುವೆ ಒಂದು ಸೇತುವೆ. ಆದರೆ ಆಡಳಿತ ಬೇರೆ, ಮತದಾರರೂ ಬೇರೆ. ಅಲ್ಲಿ 2003ರಲ್ಲಿ ಅಧಿಕಾರದಲ್ಲಿದ್ದ ಡಿಸ್ಟ್ರಿಕ್ಟ್ ಅಟಾರ್ನಿ (ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲ) ಟೆರೆನ್ಸ್ ಹ್ಯಾಲಿನನ್ ಅವರ ವಿರುದ್ಧವೇ ನಿಂತು ಗೆದ್ದರು. ಹ್ಯಾಲಿನನ್ ಅವರ ಕಚೇರಿಯಲ್ಲೇ ಅವರು ಕೆಲವು ಕಾಲ ಕೆಲಸ ಮಾಡಿದ್ದರು.

ಮುಂದಿನ ಮೆಟ್ಟಿಲು ರಾಜ್ಯದ ಅಟಾರ್ನಿ ಜನರಲ್ ಹುದ್ದೆ. ಈ ಹೆಸರು ನಮ್ಮವರಿಗೆ ಗೊಂದಲ ಉಂಟುಮಾಡುತ್ತದೆ, ಏಕೆಂದರೆ ನಮ್ಮಲ್ಲಿ ಅಟಾರ್ನಿ ಜನರಲ್ ಎಂದರೆ ಕೇಂದ್ರ ಸರ್ಕಾರದ ವಕೀಲರು. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಒಬ್ಬರಿರುತ್ತಾರೆ, ಮತ್ತು 43 ರಾಜ್ಯಗಳಲ್ಲಿ ಅವರನ್ನು ಜನರೇ ಆರಿಸುತ್ತಾರೆ. ಸಂವಿಧಾನದ 165ನೇ ವಿಧಿಯಡಿ ರಾಜ್ಯಪಾಲರು ನೇಮಿಸುವ ನಮ್ಮ ಅಡ್ವೊಕೇಟ್ ಜನರಲ್ ಅದಕ್ಕೆ ಸಮೀಪದ ಹುದ್ದೆಯಾದರೂ, ಅಲ್ಲಿಯವರ ಅಧಿಕಾರ ಬಹಳ ವಿಸ್ತಾರವಾದುದು. ಸ್ವಂತ ವಿವೇಚನೆಯಿಂದ ತನಿಖೆ ನಡೆಸಬಲ್ಲರು, ದೊಡ್ಡ ಕಂಪನಿಗಳ ಮೇಲೆ ಜನರ ಪರವಾಗಿ ದಾವೆ ಹೂಡಬಲ್ಲರು. 2010ರ ನವೆಂಬರ್‌ನ ಆ ಚುನಾವಣೆಯಲ್ಲಿ ಎದುರಾಳಿ ಸ್ಟೀವ್ ಕೂಲಿ ಎಣಿಕೆಯ ರಾತ್ರಿಯೇ ತಾವು ಗೆದ್ದೆವೆಂದು ಘೋಷಿಸಿಕೊಂಡಿದ್ದರು. ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆದು, ಕೊನೆಗೆ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಹ್ಯಾರಿಸ್ ಗೆದ್ದರು.

ಅವರನ್ನು ರಾಷ್ಟ್ರಮಟ್ಟದಲ್ಲಿ ಹೆಸರಾಗಿಸಿದ್ದು ಮನೆ ಸಾಲದ ಪ್ರಕರಣ. 2008ರ ಆರ್ಥಿಕ ಕುಸಿತದ ನಂತರ ಬ್ಯಾಂಕುಗಳು ಕಾಗದಪತ್ರಗಳನ್ನು ಸರಿಯಾಗಿ ನೋಡದೆಯೇ ಸಾಲಗಾರರ ಮನೆಗಳನ್ನು ಜಪ್ತಿ ಮಾಡಿದ್ದವು. ಐದು ದೊಡ್ಡ ಸಂಸ್ಥೆಗಳೊಂದಿಗೆ ರಾಜ್ಯಗಳೆಲ್ಲ ಸೇರಿ ರಾಜಿ ಮಾತುಕತೆ ನಡೆಸುತ್ತಿದ್ದಾಗ, ಕ್ಯಾಲಿಫೋರ್ನಿಯಾದ ಪಾಲು ಸಾಲದೆಂದು ಹ್ಯಾರಿಸ್ 2011ರಲ್ಲಿ ಹೊರಬಂದರು. ಮತ್ತೆ ಒಳಗೆ ಹೋಗಿ 2012ರ ಫೆಬ್ರುವರಿಯಲ್ಲಿ ಒಪ್ಪಂದವಾದಾಗ ಆ ಪಾಲು ಸುಮಾರು 18 ಶತಕೋಟಿ ಡಾಲರ್ ಎಂದು ಅಂದಾಜಾಯಿತು. ಮೊದಲು ಬಂದಿದ್ದ ಮೊತ್ತಕ್ಕಿಂತ ಹಲವು ಪಟ್ಟು ಹೆಚ್ಚು. ಅದರಲ್ಲಿ ಬಹುಭಾಗ ಕೈಗೆ ಸಿಗುವ ಹಣವಾಗಿರದೆ ಸಾಲದಲ್ಲಿ ಕೊಟ್ಟ ವಿನಾಯಿತಿಯಾಗಿತ್ತು, ಎಷ್ಟೋ ಕುಟುಂಬಗಳು ಆ ಹೊತ್ತಿಗೆ ಮನೆ ಕಳೆದುಕೊಂಡಿದ್ದವು ಎಂಬ ಟೀಕೆಯೂ ಸರಿಯಾದದ್ದೇ. ಆದರೂ ರಾಜಿಯ ಮೇಜಿನಿಂದ ಏಳುವ ಧೈರ್ಯ ಎಲ್ಲ ವಕೀಲರಿಗೂ ಇರುವುದಿಲ್ಲ. ನಮ್ಮ ಲೋಕ ಅದಾಲತ್‌ಗಳಲ್ಲಿ ಕೂತು ಬಂದವರಿಗೆ ನಾನಿದನ್ನು ಬಿಡಿಸಿ ಹೇಳಬೇಕಾಗಿಲ್ಲ.

2016ರಲ್ಲಿ ಬಾರ್ಬರಾ ಬಾಕ್ಸರ್ ತೆರವು ಮಾಡಿದ ಸೆನೆಟ್ ಸ್ಥಾನಕ್ಕೆ ನಿಂತು, ತಮ್ಮದೇ ಪಕ್ಷದ ಲೊರೆಟ್ಟಾ ಸ್ಯಾಂಚೆಜ್ ಅವರನ್ನು ಸೋಲಿಸಿ, 2017ರ ಜನವರಿ 3ರಂದು ಪ್ರಮಾಣವಚನ ಸ್ವೀಕರಿಸಿದರು. ದಕ್ಷಿಣ ಏಷ್ಯಾ ಮೂಲದ ಮೊದಲ ಸೆನೆಟರ್ ಅವರೇ. ಸದನದಲ್ಲಿ ಅವರ ಹೆಸರು ಬೆಳೆದದ್ದು ಭಾಷಣಗಳಿಗಿಂತ ಸಮಿತಿಯ ವಿಚಾರಣೆಗಳಿಂದ. 2019ರ ಮೇ 1ರಂದು ದೇಶದ ಅಟಾರ್ನಿ ಜನರಲ್ ವಿಲಿಯಂ ಬಾರ್ ಅವರಿಗೆ, ಯಾರ ಮೇಲಾದರೂ ತನಿಖೆ ಆರಂಭಿಸುವಂತೆ ಅಧ್ಯಕ್ಷರಾಗಲಿ ಶ್ವೇತಭವನದವರಾಗಲಿ ನಿಮ್ಮನ್ನು ಕೇಳಿದ್ದಾರೆಯೆ, ಸೂಚಿಸಿದ್ದಾರೆಯೆ ಎಂದು ಹ್ಯಾರಿಸ್ ಕೇಳಿದರು. ಬಾರ್ ‘ಸೂಚಿಸು’ ಎಂಬ ಪದದ ಅರ್ಥದಲ್ಲೇ ತಡವರಿಸಿದರು. ಹೌದು ಅಥವಾ ಇಲ್ಲ ಎನ್ನದೆ ನುಣುಚಿಕೊಳ್ಳುವ ಸಾಕ್ಷಿಯನ್ನು ಒಂದೇ ಪದದಲ್ಲಿ ಕಟ್ಟಿಹಾಕುವುದು ಸೆಷನ್ಸ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಬರುವ ವಿದ್ಯೆ. ಆ ವಿದ್ಯೆಯನ್ನು ನೀವು ಗದಗಿನಲ್ಲಿಯೂ ಕಲಿಯಬಹುದು.

ಇನ್ನು ನಮ್ಮಲ್ಲಿ ಇಂಥ ದಾರಿ ಇದೆಯೆ ಎಂಬ ನಿಮ್ಮ ಪ್ರಶ್ನೆ. ಹ್ಯಾರಿಸ್ 1913ಕ್ಕಿಂತ ಮೊದಲು ಬದುಕಿದ್ದರೆ ಅವರ ಕಥೆಯೂ ಬೇರೆಯಾಗುತ್ತಿತ್ತು. ಆ ವರ್ಷದ 17ನೇ ತಿದ್ದುಪಡಿಯವರೆಗೆ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ರಾಜ್ಯ ಶಾಸನಸಭೆಗಳ ಸದಸ್ಯರು. ನಮ್ಮ ರಾಜ್ಯಸಭೆ ಇಂದಿಗೂ ಹಾಗೆಯೇ ಇದೆ. ಕರ್ನಾಟಕದ 12 ಸ್ಥಾನಗಳಿಗೆ ಮತ ಹಾಕುವವರು ವಿಧಾನಸಭೆಯ ಚುನಾಯಿತ ಸದಸ್ಯರು, ಆದ್ದರಿಂದ ಪಕ್ಷದ ಬೆಂಬಲವಿಲ್ಲದೆ ಎಂಥ ಹೆಸರಾಂತ ವಕೀಲರಿಗೂ ಅಲ್ಲಿ ಪ್ರವೇಶ ಕಷ್ಟ. ಉಳಿದ ಬಾಗಿಲು ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುವ 12 ಸ್ಥಾನಗಳು. 80ನೇ ವಿಧಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳನ್ನು ಹೆಸರಿಸುತ್ತದೆ, ಕಾನೂನನ್ನು ಹೆಸರಿಸುವುದಿಲ್ಲ. ಆದರೂ 1993ರ ಮುಂಬಯಿ ಸ್ಫೋಟ, 2008ರ ಮುಂಬಯಿ ದಾಳಿಯ ಪ್ರಕರಣಗಳಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರಾಗಿದ್ದ ಉಜ್ವಲ್ ನಿಕಮ್ ಅವರು 2025ರ ಜುಲೈನಲ್ಲಿ ಈ ಬಾಗಿಲಿನಿಂದಲೇ ರಾಜ್ಯಸಭೆಗೆ ಬಂದರು. ಅದರ ಹಿಂದಿನ ವರ್ಷ ಲೋಕಸಭೆಗೆ ಜನರ ಮತ ಕೇಳಿದಾಗ ಸೋತಿದ್ದರು. ನಮ್ಮ ಧಾರವಾಡದ ಸರೋಜಿನಿ ಮಹಿಷಿಯವರು ಸಂಸ್ಕೃತ ಮತ್ತು ಕಾನೂನು ಓದಿ, 1962ರಿಂದ ಲೋಕಸಭೆಯಲ್ಲಿದ್ದು, ಅನಂತರ ರಾಜ್ಯಸಭೆಗೂ ಹೋದವರು. ಆದರೆ ಅವರದು ಅಭಿಯೋಜಕರ ದಾರಿಯಲ್ಲ.

ಪ್ರಶ್ನೆ: ಶಿಕ್ಷೆ ಕೊಡಿಸುವ ಅಧಿಕಾರವುಳ್ಳವರು ಮತ ಕೇಳಲು ನಿಂತರೆ ನ್ಯಾಯ ಉಳಿಯುತ್ತದೆಯೆ? ನಮ್ಮ ಪದ್ಧತಿಯೇ ಮೇಲಲ್ಲವೆ?
– ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ

ಉತ್ತರ: ಗುರುಗಳೇ, ಈ ಪ್ರಶ್ನೆಗೆ ಹ್ಯಾರಿಸ್ ಅವರ ವೃತ್ತಿಯೇ ಎರಡೂ ಬದಿಯ ಸಾಕ್ಷ್ಯ ಕೊಡುತ್ತದೆ. ಗಲ್ಲು ಶಿಕ್ಷೆ ಕೇಳುವುದಿಲ್ಲವೆಂದು ಮಾತು ಕೊಟ್ಟು ಅವರು ಡಿಸ್ಟ್ರಿಕ್ಟ್ ಅಟಾರ್ನಿಯಾದರು. ಮೂರು ತಿಂಗಳಾಗಿತ್ತಷ್ಟೇ, 2004ರ ಏಪ್ರಿಲ್‌ನಲ್ಲಿ ಐಸಾಕ್ ಎಸ್ಪಿನೋಜಾ ಎಂಬ ಯುವ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಅವರು ಗಲ್ಲು ಕೇಳುವುದಿಲ್ಲವೆಂದು ಪ್ರಕಟಿಸಿದರು. ಪೊಲೀಸರು ಸಿಟ್ಟಾದರು, ಅಂತ್ಯಕ್ರಿಯೆಯ ಸಭೆಯಲ್ಲಿ ಅವರದೇ ಪಕ್ಷದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಗಲ್ಲು ಶಿಕ್ಷೆಯೇ ಬೇಕೆಂದರು, ನೆರೆದ ಪೊಲೀಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹ್ಯಾರಿಸ್ ಮಣಿಯಲಿಲ್ಲ. ಅಪರಾಧಿಗೆ 2007ರಲ್ಲಿ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಯಿತು. ಮತಕ್ಕೆ ಹೆದರುವವರು ಮಾಡುವ ಕೆಲಸ ಇದಲ್ಲ. ಮುಂದೆ 2014ರಲ್ಲಿ, ರಾಜ್ಯದ ಗಲ್ಲು ಶಿಕ್ಷೆಯ ವ್ಯವಸ್ಥೆ ಸಂವಿಧಾನಬಾಹಿರವೆಂದು ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪಿತ್ತಾಗ, ಅದೇ ಹ್ಯಾರಿಸ್ ಅಟಾರ್ನಿ ಜನರಲ್ ಆಗಿ ಮೇಲ್ಮನವಿ ಸಲ್ಲಿಸಿದರು. ರಾಜ್ಯದ ಕಾನೂನನ್ನು ಸಮರ್ಥಿಸುವುದು ಹುದ್ದೆಯ ಕರ್ತವ್ಯ ಎಂಬ ವಾದವಿದೆ. ಆದರೆ ಸಲಿಂಗ ವಿವಾಹವನ್ನು ನಿಷೇಧಿಸಿದ ರಾಜ್ಯದ ಕಾನೂನನ್ನು ನ್ಯಾಯಾಲಯದಲ್ಲಿ ಸಮರ್ಥಿಸಲು ಅವರೇ ಒಪ್ಪಿರಲಿಲ್ಲವಾದ್ದರಿಂದ ಆ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಶಿಕ್ಷಕರಾದ ನಿಮಗೆ ಇನ್ನೊಂದು ಸಂಗತಿ ಮುಟ್ಟಬಹುದು. ಮಕ್ಕಳು ಶಾಲೆ ತಪ್ಪಿಸಿದರೆ ತಂದೆತಾಯಿಗಳ ಮೇಲೆ ಕ್ರಿಮಿನಲ್ ಪ್ರಕರಣ ಹೂಡಲು ಅವಕಾಶ ಕೊಡುವ ರಾಜ್ಯ ಕಾನೂನಿಗೆ ಹ್ಯಾರಿಸ್ ಒತ್ತಾಸೆಯಾಗಿ ನಿಂತಿದ್ದರು. ಅದರಲ್ಲಿ ಒಂದು ವರ್ಷದವರೆಗೆ ಸೆರೆಮನೆಗೂ ಆಸ್ಪದವಿತ್ತು. ಬೇರೆ ಜಿಲ್ಲೆಗಳಲ್ಲಿ ಕೆಲವು ಪಾಲಕರು ಜೈಲು ಕಂಡರು. 2019ರಲ್ಲಿ ಅದಕ್ಕಾಗಿ ಅವರು ವಿಷಾದ ವ್ಯಕ್ತಪಡಿಸಿದರು. ಕೂಲಿಗೆ ಹೋಗುವ ತಾಯಿಯ ಮಗು ಸುಗ್ಗಿಯ ದಿನಗಳಲ್ಲಿ ಶಾಲೆಗೆ ಬಾರದಿದ್ದರೆ ಏನು ಮಾಡಬೇಕೆಂದು ನೀವು ಅವರಿಗಿಂತ ಚೆನ್ನಾಗಿ ಬಲ್ಲಿರಿ. 2010ರಲ್ಲಿ ಪೊಲೀಸ್ ಮಾದಕವಸ್ತು ಪರೀಕ್ಷಾಲಯದ ತಂತ್ರಜ್ಞೆಯೊಬ್ಬರ ಅಕ್ರಮದ ಮಾಹಿತಿಯನ್ನು ಆರೋಪಿಗಳ ವಕೀಲರಿಗೆ ತಿಳಿಸಲಿಲ್ಲವೆಂದು ನ್ಯಾಯಾಧೀಶೆಯೊಬ್ಬರು ಹ್ಯಾರಿಸ್ ಅವರ ಕಚೇರಿಯನ್ನು ಕಟುವಾಗಿ ಆಕ್ಷೇಪಿಸಿದರು, ನೂರಾರು ಪ್ರಕರಣಗಳು ಬಿದ್ದುಹೋದವು. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನೂ ನ್ಯಾಯಾಲಯದ ಮುಂದಿಡುವುದು ಅಭಿಯೋಜಕರ ಮೊದಲ ಧರ್ಮ. ಅದು ತಪ್ಪಿದ್ದನ್ನು ನಾನು ಬಹಳ ದೊಡ್ಡ ಲೋಪವೆಂದು ಭಾವಿಸುತ್ತೇನೆ.

ಹಾಗೆಂದು ನಮ್ಮ ಪದ್ಧತಿ ಮೇಲು ಎಂದು ಸುಲಭವಾಗಿ ಹೇಳಲಾರೆ. ಹಿಂದಿನ ಸಿ.ಆರ್.ಪಿ.ಸಿ.ಯ ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಪ್ರಕರಣದಂತೆ (ಸೆಕ್ಷನ್), ಜಿಲ್ಲೆಯ ಸರ್ಕಾರಿ ಅಭಿಯೋಜಕರ ಹೆಸರುಗಳ ಪಟ್ಟಿಯನ್ನು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಜಿಲ್ಲಾ ಮ್ಯಾಜಿಸ್ಟ್ರೇಟರು ಸಿದ್ಧಪಡಿಸಬೇಕು. ಇದು ಒಳ್ಳೆಯ ತಡೆ. ಆದರೆ 360ನೇ ಪ್ರಕರಣದಡಿ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯುವ ನಿರ್ಧಾರವನ್ನು ಅಭಿಯೋಜಕರು ಸ್ವಂತ ವಿವೇಚನೆಯಿಂದ ತೆಗೆದುಕೊಳ್ಳಬೇಕು, ನ್ಯಾಯಾಲಯದ ಒಪ್ಪಿಗೆ ಪಡೆಯಬೇಕು ಎಂದು ಕಾನೂನು ಹೇಳಿದರೂ, ಸರ್ಕಾರ ಬದಲಾದಾಗಲೆಲ್ಲ ಯಾವ ಮೊಕದ್ದಮೆಗಳು ಹಿಂದೆ ಸರಿಯುತ್ತವೆ ಎಂಬುದನ್ನು ಪತ್ರಿಕೆ ಓದುವವರೆಲ್ಲ ಕಂಡಿದ್ದಾರೆ. ಅಲ್ಲಿ ಒತ್ತಡ ಮತದಾರರಿಂದ ಬರುತ್ತದೆ, ಬಹಿರಂಗವಾಗಿ. ಇಲ್ಲಿ ಅದು ಕಡತದಲ್ಲಿ ಬರುತ್ತದೆ. ಅಲ್ಲಿಯ ಮತದಾರರಿಗೆ ಕನಿಷ್ಠ ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೇಳುವ ಅವಕಾಶವಿದೆ.

ಪ್ರಶ್ನೆ: ಎ.ಪಿ.ಪಿ. ಆಗಿ ಸೇರಿದ ಮೇಲೆ ರಾಜಕೀಯಕ್ಕಾಗಲಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗಾಗಲಿ ಹೋಗಲು ಅಡ್ಡಿಯಿದೆಯೆ?
– ಕಾನೂನು ವಿದ್ಯಾರ್ಥಿ, ನವನಗರ, ಹುಬ್ಬಳ್ಳಿ

ಉತ್ತರ: ಎ.ಪಿ.ಪಿ. ಪೂರ್ಣಾವಧಿ ಸರ್ಕಾರಿ ನೌಕರರು. ಆ ಹುದ್ದೆಯಲ್ಲಿದ್ದುಕೊಂಡು ಪಕ್ಷದ ಕೆಲಸ ಮಾಡುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ರಾಜೀನಾಮೆ ಕೊಟ್ಟೇ ಹೋಗಬೇಕು. ರಾಜ್ಯಸಭೆಗೆ 30 ವರ್ಷ ತುಂಬಿರಬೇಕು. ನ್ಯಾಯಾಧೀಶರ ಹುದ್ದೆಯ ವಿಚಾರದಲ್ಲಿ ಭಯ ಬೇಡ: ಅಭಿಯೋಜಕರಾಗಿ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವವರು ನೌಕರಿಯಲ್ಲಿದ್ದರೂ ವಕೀಲರೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ದೀಪಕ್ ಅಗರವಾಲ್ ಪ್ರಕರಣದಲ್ಲಿ ಹೇಳಿದೆ. ಸೆಷನ್ಸ್ ನ್ಯಾಯಾಲಯದ ಅಭಿಯೋಜಕರಾಗಲು ಬೇಕಾದ ಏಳು ವರ್ಷ, ವಿಶೇಷ ಅಭಿಯೋಜಕರಾಗಲು ಬೇಕಾದ ಹತ್ತು ವರ್ಷ – ಈ ಎರಡು ಲೆಕ್ಕಗಳಲ್ಲಿಯೂ ಎ.ಪಿ.ಪಿ. ಸೇವೆಯನ್ನು ವಕೀಲಿಯ ಅವಧಿಯೆಂದೇ ಎಣಿಸಲಾಗುತ್ತದೆ. ಗದಗಿನ ತಂಗಿಯ ತಂದೆಯವರಿಗೂ ಇದನ್ನು ತೋರಿಸಬಹುದು.